ಹೊಡೀದೆ ಮಗು ಬೆಳೆಸೋದು ಹೆಂಗೆ, ‘ತಲೆ ಮೇಲೆ ಕೂರಿಸ್ಕೊಂಡಿದೀಯ’ ಅನ್ನೋರಿಗೆ ಏನ್ ಹೇಳೋದು: ಹಂತ ಹಂತವಾಗಿ

ಹೋದ ತಿಂಗಳು ದಾವಣಗೆರೆಯ ಒಂದು ಕಲ್ಯಾಣ ಮಂಟಪದಲ್ಲಿ ಕಣ್ಣಾರೆ ನೋಡಿದ್ದು ಹೇಳ್ತೀನಿ. ಎರಡೂವರೆ ವರ್ಷದ ಹುಡುಗ ಊಟದ ಸಾಲಲ್ಲಿ ಮೂರನೇ ಜಾಮೂನು ಬೇಕು ಅಂತ ನೆಲಕ್ಕೆ ಬಿದ್ದು ಹೊರಳಾಡ್ತಿದ್ದ. ತಾಯಿ ಪಕ್ಕದಲ್ಲಿ ಕೂತು "ಜಾಸ್ತಿ ಸ್ವೀಟ್ ತಿಂದ್ರೆ ಹಲ್ಲು ಹುಳುಕಾಗುತ್ತೆ ಕಂದ, ಮೊನ್ನೆ ಡಾಕ್ಟರ್ ಏನ್ ಹೇಳಿದ್ರು ನೆನಪಿದೆಯಾ" ಅಂತ ಪಾಠ ಶುರು ಮಾಡಿದ್ಲು. ಎದುರಿನ ಸಾಲಿಂದ ದೊಡ್ಡಮ್ಮ ಒಬ್ರು "ಒಂದ್ ಬಿಟ್ರೆ ಸುಮ್ಕಾಗ್ತಾನೆ ಬಿಡವ್ವ" ಅಂದ್ರು. ಈ ಹುಡುಗಿ ಮಗೂನ ಅಲ್ಲೇ ಬಿಟ್ಟು ದೊಡ್ಡಮ್ಮನ ಕಡೆ ತಿರುಗಿ, ಹೊಡೆದ್ರೆ ಮಕ್ಕಳ ಮನಸ್ಸಿಗೆ ಏನಾಗುತ್ತೆ ಅಂತ ವಿವರಿಸೋಕೆ ನಿಂತ್ಲು, ದೊಡ್ಡಮ್ಮನೂ ಬಿಡ್ಲಿಲ್ಲ, ಇತ್ತ ಮಗು ಜೋರಾಯ್ತು, ಕೊನೆಗೆ ಐವತ್ತು ಜನ ನೋಡ್ತಿದ್ದಾರೆ ಅಂತ ಅವಮಾನಕ್ಕೋ ಏನೋ ಅವಳೇ ಮಗೂನ ಬೆನ್ನಿಗೆ ಒಂದು ಬಾರಿಸಿದ್ಲು. ಕೈ ತೊಳೆಯೋ ಜಾಗದಲ್ಲಿ ಸಿಕ್ಕಾಗ "ಈ ಹೊಡೀದೆ ಬೆಳೆಸೋ ಜೆಂಟಲ್ ಪೇರೆಂಟಿಂಗ್ ಎಲ್ಲ ನಮ್ಮ ಮನೆಗಳಿಗೆ ವರ್ಕ್ ಆಗಲ್ಲ ಅಕ್ಕ" ಅಂತ ಕಣ್ಣೊರೆಸ್ಕೊಂಡ್ಲು.

ಅವಳ ಮಾತೇನೂ ತಪ್ಪಿರ್ಲಿಲ್ಲ, ಮಾತಾಡಿದ ಹೊತ್ತು ತಪ್ಪಿತ್ತು. ಅಳ್ತಿರೋ ಮಗುಗೆ ವಿವರಣೆ ಕೊಟ್ಲು, ಸಿಟ್ಟಲ್ಲಿರೋ ದೊಡ್ಡೋರಿಗೆ ವಾದ ಕೊಟ್ಲು, ಎರಡೂ ಮೊದ್ಲೇ ಮಾಡಿದ್ಲು. ನಮ್ಮ ಬೀದಿಯಲ್ಲಿ ನನ್ನ ಹತ್ರ ಕೇಳೋ ಹತ್ತರಲ್ಲಿ ಎಂಟು ಜನ ಎಡವೋದು ಇಲ್ಲೇ, ಅದಕ್ಕೆ ಇಲ್ಲಿ ಕ್ರಮಾನೇ ಮುಖ್ಯ. ದಯವಿಟ್ಟು ಹಂತ ಹಾರಿಸ್ಬೇಡಿ.

ಬೇಕಾದ ಸಾಮಾನು

ಖರ್ಚಿನದು ಏನೂ ಇಲ್ಲ. ಒಂದು ಹಳೇ ನೋಟ್‌ಬುಕ್ಕು, ಪೆನ್ನು. ಹೊರಗೆ ಹೋಗುವಾಗ ಒಂದು ಚಿಕ್ಕ ಸ್ಟೀಲ್ ಡಬ್ಬಿ, ಬಾಳೆಹಣ್ಣೋ ಚಪಾತಿ ಚೂರೋ ಮಗು ತಿನ್ನೋದು ಏನಾದ್ರೂ, ಒಂದು ನೀರಿನ ಬಾಟ್ಲು. ಕೂಸು ಇದ್ರೆ ಮೆತ್ತಗಿರೋ ಹಳೇ ಕಾಟನ್ ಸೀರೆ. ಬಾಯಿಪಾಠ ಆಗಿರೋ ನಾಲ್ಕು ವಾಕ್ಯ, ಅವು ಮುಂದೆ ಬರ್ತಾವೆ. ಎಲ್ಲಕ್ಕಿಂತ ಕಷ್ಟದ ಸಾಮಾನು ಗಂಡನ ಅರ್ಧ ಗಂಟೆ.

ಹಂತ 1: ಏಳು ದಿನ ಬರೀ ಬರೀರಿ, ಏನೂ ಬದಲಾಯಿಸ್ಬೇಡಿ

ಮಗು ಯಾವಾಗ ರಚ್ಚೆ ಹಿಡೀತು, ಅದಕ್ಕೆ ಮೊದ್ಲು ಊಟ ಆಗಿ ಎಷ್ಟು ಹೊತ್ತಾಗಿತ್ತು, ಮಧ್ಯಾಹ್ನ ಮಲಗಿತ್ತಾ, ಮನೆಗೆ ಯಾರು ಬಂದಿದ್ರು, ನೀವು ಏನ್ ಮಾಡ್ತಿದ್ರಿ. ಇಷ್ಟೇ, ಒಂದೊಂದು ಗೆರೆ ಸಾಕು.

ಇದನ್ನ ಎಲ್ರೂ ಬೋರು ಅಂತ ಬಿಡ್ತಾರೆ, ಆದ್ರೆ ಅರ್ಧ ಸಮಸ್ಯೆ ಈ ನೋಟ್‌ಬುಕ್ಕಲ್ಲೇ ಕರಗುತ್ತೆ. ನನ್ನ ಮಗಳದ್ದು ಬರೆದು ನೋಡಿದಾಗ ಏಳರಲ್ಲಿ ಐದು ದಿನ ಸಂಜೆ ಆರರಿಂದ ಏಳೂವರೆ ಒಳಗೇ ಗಲಾಟೆ. ನಾನು ರೊಟ್ಟಿ ತಟ್ಟೋ ಹೊತ್ತು, ಅತ್ತೆ ಸೀರಿಯಲ್ ಹೊತ್ತು, ಇವರು ಅಂಗಡಿಯಿಂದ ಬಂದಿರಲ್ಲ, ಮಗು ನಾಲ್ಕಕ್ಕೆ ಎರಡು ಬಿಸ್ಕೆಟ್ ತಿಂದದ್ದು ಬಿಟ್ರೆ ಹೊಟ್ಟೆಗೆ ಏನೂ ಇಲ್ಲ. ಐದೂವರೆಗೆ ಒಂದು ಬಟ್ಲು ಮೊಸರನ್ನ ಶುರು ಮಾಡಿದೆ ನೋಡಿ, ಹಠಮಾರಿ ಅಂತ ಹೆಸರು ತಗೊಂಡಿದ್ದ ಕೂಸು ಅರ್ಧಕ್ಕರ್ಧ ಸರಿ ಹೋಯ್ತು.

ನಿದ್ದೆ ಲೆಕ್ಕಾನೂ ಹಾಕಿ. ವಿಶ್ವ ಆರೋಗ್ಯ ಸಂಸ್ಥೆ ಹೇಳೋದು 1-2 ವರ್ಷದ ಮಕ್ಕಳಿಗೆ ದಿನಕ್ಕೆ 11ರಿಂದ 14 ಗಂಟೆ, 3-4 ವರ್ಷದವರಿಗೆ 10ರಿಂದ 13 ಗಂಟೆ, ಹಗಲು ನಿದ್ದೆನೂ ಸೇರಿ. ರಾತ್ರಿ ಹನ್ನೊಂದಕ್ಕೆ ಮಲಗಿ ಬೆಳಿಗ್ಗೆ ಏಳಕ್ಕೆ ಏಳೋ ಮೂರು ವರ್ಷದ ಮಗು ಹಗಲಲ್ಲಿ ಒಂದು ಗಂಟೆ ಮಲಗಿದ್ರೂ 9 ಗಂಟೆ ಆಯ್ತು, ಕಡಿಮೆನೇ. ಆ ಮಗುಗೆ ಯಾವ ಪೇರೆಂಟಿಂಗೂ ಹತ್ತಲ್ಲ, ಮೊದ್ಲು ಮಲಗಿಸಿ.

ಹಂತ 2: ಮನೆಯೊಳಗೆ ಮೂರೇ ಮೂರು ನಿಯಮ

ಮಗು ಮಲಗಿದ ಮೇಲೆ ಗಂಡನ ಜೊತೆ ಕೂತ್ಕೊಳ್ಳಿ. ಉದ್ದ ಪಟ್ಟಿ ಮಾಡ್ಬೇಡಿ. ನಮ್ಮನೇಲಿ ಇರೋದು ಇಷ್ಟು: ಹೊಡಿಯೋ ಹಂಗಿಲ್ಲ, ಗುಮ್ಮ-ಪೊಲೀಸು-ಸೂಜಿ ಡಾಕ್ಟ್ರು ಅಂತ ಹೆದರಿಸೋ ಹಂಗಿಲ್ಲ, ‘ನಿನ್ನ ಬಿಟ್ಟು ಹೋಗ್ತೀನಿ’ ಅನ್ನೋ ಹಂಗಿಲ್ಲ. ಉಳಿದದ್ದೆಲ್ಲ ಅಜ್ಜಿಗೆ ಬಿಟ್ಟುಬಿಡಿ. ಕೈಯಲ್ಲಿ ತುತ್ತು ಹಾಕ್ಲಿ, ದೃಷ್ಟಿ ತೆಗೀಲಿ, ಬೊಟ್ಟು ಇಡ್ಲಿ, ಟೋಪಿ ಹಾಕ್ಲಿ. ಹದಿನೈದು ವಿಷಯಕ್ಕೆ ಜಗಳ ಆಡಿದ್ರೆ ಮೂರೂ ಉಳಿಯಲ್ಲ.

ಸಾಮಾನ್ಯವಾಗಿ ಆಗೋ ತಪ್ಪು: ಅತ್ತೆಗೆ ಸೊಸೆ ಹೋಗಿ ಈ ನಿಯಮ ಹೇಳೋದು. ಬೇಡ. ಅವರ ಅಮ್ಮನಿಗೆ ಅವರು ಹೇಳ್ಲಿ, ನಿಮ್ಮ ಅಮ್ಮನಿಗೆ ನೀವು ಹೇಳಿ. ಒಂದೇ ಮಾತು ಮಗನ ಬಾಯಲ್ಲಿ ಬಂದ್ರೆ ಮಾತು, ಸೊಸೆ ಬಾಯಲ್ಲಿ ಬಂದ್ರೆ ಎದುರುತ್ತರ, ಇದು ಸರಿಯೋ ತಪ್ಪೋ ಆಮೇಲಿನ ಚರ್ಚೆ, ಸದ್ಯಕ್ಕೆ ಕೆಲಸ ಆಗ್ಬೇಕಲ್ಲ.

ಹಂತ 3: ಮೊದಲು ನಿಮ್ಮ ಮೈ ತಣ್ಣಗಾಗ್ಲಿ

ಮಗು ಕಿರುಚಿದಾಗ ನಿಮ್ಮ ಎದೆನೂ ಡವಡವ ಅನ್ನುತ್ತೆ, ಹಲ್ಲು ಕಚ್ಕೊಂಡಿರ್ತೀರಿ. ಆ ಸ್ಥಿತೀಲಿ ಎಷ್ಟೇ ಮೆತ್ತಗೆ ಮಾತಾಡಿದ್ರೂ ಮಗು ಮುಖ ನೋಡಿ ಕಂಡುಹಿಡಿಯುತ್ತೆ. ಉಸಿರು ತಗೊಳ್ಳೋದಕ್ಕಿಂತ ಬಿಡೋದು ಉದ್ದ ಇರ್ಲಿ, ಮೂರು ಸಲ ಸಾಕು. ಚಪ್ಪಲಿ ಬಿಟ್ಟು ತಣ್ಣನೆ ನೆಲದ ಮೇಲೆ ನಿಲ್ಲಿ, ಮುಖಕ್ಕೆ ನೀರು ಹಾಕ್ಕೊಳ್ಳಿ.

ಕೈ ಎತ್ತೋಷ್ಟು ಸಿಟ್ಟು ಬಂತಾ, ಮಗೂನ ತೊಟ್ಟಿಲಲ್ಲೋ ಚಾಪೆ ಮೇಲೋ ಸೇಫ್ ಆಗಿ ಬಿಟ್ಟು ಎರಡು ಮೂರು ನಿಮಿಷ ಪಕ್ಕದ ರೂಮಿಗೆ ಹೋಗಿ. ಅಳ್ಲಿ, ಅತ್ರೆ ಏನೂ ಆಗಲ್ಲ. ಎಳೇ ಕೂಸನ್ನ ಸಿಟ್ಟಲ್ಲಿ ಹಿಡಿದು ಅಲ್ಲಾಡಿಸೋದು ಮಾತ್ರ ಯಾವತ್ತೂ, ಯಾವತ್ತೂ ಬೇಡ. ಕತ್ತಿಗೆ ಬಲ ಇರಲ್ಲ, ಮೆದುಳಲ್ಲಿ ರಕ್ತಸ್ರಾವ ಆಗಿ ಜೀವಕ್ಕೇ ಅಪಾಯ. ಇದನ್ನ ಮನೇಲಿ ಕೂಸು ಎತ್ಕೊಳ್ಳೋ ಪ್ರತಿಯೊಬ್ರಿಗೂ ಹೇಳಿಡಿ, ಅಣ್ಣ ತಮ್ಮಂದಿರಿಗೂ ಸೇರಿ.

ಹಂತ 4: ಒಂದು ವರ್ಷದ ಒಳಗಿನ ಕೂಸು ಅತ್ರೆ ಎತ್ಕೊಳ್ಳಿ, ಅಷ್ಟೇ

ಇಲ್ಲಿ ಶಿಸ್ತು ಗಿಸ್ತು ಏನೂ ಇಲ್ಲ. ಹಸಿವು, ಒದ್ದೆ ಬಟ್ಟೆ, ನಿದ್ದೆ, ಸೆಕೆ, ಹೊಟ್ಟೆ, ಈ ಕ್ರಮದಲ್ಲಿ ನೋಡ್ಕೊಂಡು ಬನ್ನಿ. ಯಾವುದೂ ಅಲ್ಲ ಅಂದ್ರೆ ಬರೀ ನಿಮ್ಮ ಮೈ ಬೇಕು ಅಂತ ಅಳ್ತಿದೆ. ಹುಟ್ಟಿದ ಎರಡನೇ ವಾರದಿಂದ ಅಳು ಏರ್ತಾ ಹೋಗಿ 6-8 ವಾರಕ್ಕೆ ತುಂಬ ಜಾಸ್ತಿ ಆಗಿ, ಮೂರು ನಾಲ್ಕು ತಿಂಗಳಿಗೆ ತಾನೇ ಇಳಿಯುತ್ತೆ. ಬಾಣಂತನಕ್ಕೆ ತವರಿಗೆ ಹೋದವರು ಎರಡನೇ ತಿಂಗಳಲ್ಲಿ ‘ಹಾಲು ಸಾಲ್ತಿಲ್ಲ’ ಅಂತ ಗಾಬರಿ ಬಿದ್ದು ಡಬ್ಬಿ ಹಾಲು ತರೋದು ಈ ಏರಿಕೆ ಟೈಮಲ್ಲೇ. ತೂಕ ಏರ್ತಿದ್ಯಾ, ಉಚ್ಚೆ ಚೆನ್ನಾಗಿ ಹೋಗ್ತಿದ್ಯಾ ಅಂತ ಮೊದ್ಲು ನೋಡಿ. ಆರು ತಿಂಗಳ ತನಕ ಎದೆಹಾಲು ಮಾತ್ರ, ಆಮೇಲೆ ಊಟದ ಜೊತೆ ಎರಡು ವರ್ಷ ಮತ್ತು ಅದಕ್ಕಿಂತ ಆಚೆಗೂ ಕೊಡಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆನೇ ಹೇಳುತ್ತೆ, ‘ಇನ್ನೂ ಬಿಡಿಸಿಲ್ವಾ’ ಅನ್ನೋರಿಗೆ ಇದೇ ಉತ್ತರ.

ಸೀರೇಲಿ ಕಟ್ಕೊಂಡು ಓಡಾಡೋದಾದ್ರೆ ಕೂಸಿನ ಮುಖ ಸದಾ ಕಾಣ್ಬೇಕು, ಗದ್ದ ಎದೆಗೆ ಒತ್ತಬಾರದು, ಮೂಗಿಗೆ ಬಟ್ಟೆ ಮುಚ್ಚಬಾರದು. ಒಲೆ ಮುಂದೆ ನಿಲ್ಲುವಾಗ ಕಟ್ಕೋಬೇಡಿ. ಮಲಗಿಸೋದು ಅಂಗಾತ, ಗಟ್ಟಿ ಹಾಸಿಗೆ, ದಿಂಬು ಬೇಡ, ಕುಡಿದವರ ಪಕ್ಕ, ಬೀಡಿ ಸಿಗರೇಟು ಸೇದೋರ ಪಕ್ಕ ಬೇಡ. ಜೇನುತುಪ್ಪ ನೆಕ್ಕಿಸೋದು ಒಂದು ವರ್ಷ ತುಂಬೋವರೆಗೂ ಬೇಡ, ಬೊಟುಲಿಸಂ ಅಂತ ಕಾಯಿಲೆ ಬರೋ ಅಪಾಯ ಇದೆ. ಇದೊಂದರಲ್ಲಿ ಅಜ್ಜಿಯ ಪ್ರೀತಿಗೂ ಸೋಲಬೇಡಿ.

ಹತ್ತನೇ ತಿಂಗಳಿಂದ ಒಂದೂವರೆ ವರ್ಷದ ತನಕ ನೀವು ಬಚ್ಚಲಿಗೆ ಹೋದ್ರೂ ಮಗು ಬಾಗಿಲು ಬಡಿಯುತ್ತೆ. ಆಗಲೇ ನೆಂಟರು ‘ಸೆರಗು ಬಿಡಲ್ಲ ಇದು, ಅಂಟುಗೂಸು’ ಅನ್ನೋದು. ಬೆಳವಣಿಗೆಯ ಒಂದು ಕಾಲ ಅದು, ಹೋಗುತ್ತೆ. ಕದ್ದು ಮಾಯ ಆಗ್ಬೇಡಿ, ‘ಟಾಟಾ, ಬರ್ತೀನಿ’ ಅಂತ ಹೇಳಿ ಹೋಗಿ, ಹೇಳಿದಂಗೆ ಬನ್ನಿ.

ಹಂತ 5: ಹಠ ಶುರುವಾದಾಗ, ಇದೇ ಕ್ರಮದಲ್ಲಿ

ಎಲ್ರೂ ಸೋಲೋದು ಇಲ್ಲೇ, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ.

ಮೊದ್ಲು ಜಾಗ. ಪಿ.ಬಿ. ರೋಡ್‌ನಂಥ ದೊಡ್ಡ ರಸ್ತೆ ಪಕ್ಕದಲ್ಲಿ ಮಗು ಬಿದ್ದು ಹೊರಳಾಡ್ತಿದ್ರೆ ಮಾತು ಬೇಡ, ಎತ್ಕೊಂಡು ಪಕ್ಕಕ್ಕೆ ಬನ್ನಿ. ಒದೀತಿದ್ರೂ ಎತ್ತಿ. ಸುರಕ್ಷತೆಗೆ ಎತ್ಕೊಳ್ಳೋದು ಹೊಡೆತ ಅಲ್ಲ.

ಎರಡನೇದು ಎತ್ತರ. ಕುಕ್ಕರಗಾಲಲ್ಲಿ ಕೂತ್ಕೊಳ್ಳಿ, ನಿಮ್ಮ ಮುಖ ಮಗೂನ ಮುಖದ ಮಟ್ಟಕ್ಕೆ ಬರ್ಲಿ. ಮುಟ್ಟಿಸ್ಕೊಳ್ಳೋಕೆ ಇಷ್ಟ ಇಲ್ಲ ಅಂದ್ರೆ ಒಂದು ಕೈ ದೂರದಲ್ಲಿ ಸುಮ್ನೆ ಕೂತಿರಿ.

ಮೂರನೇದು, ಅದರ ಬೇಜಾರಿಗೆ ಒಂದು ಹೆಸರು, ಒಂದೇ ವಾಕ್ಯ. "ಮಂಡಕ್ಕಿ ಅಂಗಡಿ ಮಿರ್ಚಿ ಬೇಕಿತ್ತು, ಅಮ್ಮ ಬೇಡ ಅಂದ್ಲು, ಸಿಟ್ಟು ಬಂತು." ಇದು ಬಾಯಿಪಾಠದ ಮೊದಲನೇ ವಾಕ್ಯ.

ನಾಲ್ಕನೇದು ಗೆರೆ. "ಮಿರ್ಚಿ ಖಾರ, ಇವತ್ತು ಇಲ್ಲ." ಎರಡನೇ ವಾಕ್ಯ. ಇದಾದ ಮೇಲೆ ಬಾಯಿ ಮುಚ್ಚಿ. ನಿಜವಾಗ್ಲೂ ಮುಚ್ಚಿ. ಹಲ್ಲು, ಡಾಕ್ಟ್ರು, ದುಡ್ಡು, ಪಕ್ಕದ್ಮನೆ ಹುಡುಗ, ಯಾವುದೂ ಬೇಡ, ಆ ಹೊತ್ತಿಗೆ ಅದರ ಕಿವಿ ಕೆಲಸ ಮಾಡ್ತಿರಲ್ಲ.

ಐದನೇದು ಕಾಯೋದು. ಐದು ನಿಮಿಷ ಆಗ್ಬಹುದು, ಇಪ್ಪತ್ತೂ ಆಗ್ಬಹುದು. ಅಳುವಿನ ಸದ್ದು ಬದಲಾಗುತ್ತೆ ನೋಡಿ, ಸಿಟ್ಟಿನ ಕಿರುಚಾಟ ಹೋಗಿ ಬಿಕ್ಕೋದು ಶುರುವಾಗುತ್ತೆ. ಆಗ ಕೈ ಚಾಚಿದ್ರೆ ತಾನೇ ಬರುತ್ತೆ. ಅಲ್ಲಿ ನೀರು ಕೊಡಿ, ಮೂಗೊರೆಸಿ, ಮುಂದಿನ ಕೆಲಸಕ್ಕೆ ಕರ್ಕೊಂಡ್ಹೋಗಿ. ಪಾಠ ಏನಾದ್ರೂ ಹೇಳೋದಿದ್ರೆ ರಾತ್ರಿ ಮಲಗುವಾಗ, ಅದೂ ಎರಡು ಮಾತು.

ಈಗ ತಪ್ಪುಗಳು. ಮೊದಲನೇದು, ಹತ್ತು ನಿಮಿಷ ‘ಇಲ್ಲ’ ಅಂದು ಹನ್ನೊಂದನೇ ನಿಮಿಷಕ್ಕೆ ಕೊಡಿಸೋದು. ಆಗ ಮಗು ಕಲಿಯೋದು ಹನ್ನೊಂದು ನಿಮಿಷ ಅಳಬೇಕು ಅಂತ. ಕೊಡೋದಿದ್ರೆ ಮೊದಲನೇ ಸಲ ಕೇಳಿದಾಗಲೇ ನಗ್ತಾ ಕೊಡಿ, ಅದರಲ್ಲೇನೂ ಸೋಲಿಲ್ಲ. ಎರಡನೇದು, ಆಯ್ಕೆ ಇಲ್ಲದ ಕಡೆ ಪ್ರಶ್ನೆ ಕೇಳೋದು. "ಮನೆಗೆ ಹೋಗೋಣ್ವಾ?" ಅಂದ್ರೆ ‘ಬೇಡ’ ಅನ್ನುತ್ತೆ ಪಾಪ, ನೀವೇ ಕೇಳಿದ್ದಲ್ವಾ. "ಹೋಗ್ತಾ ಇದೀವಿ. ಎತ್ಕೊಳ್ಲಾ, ನಡೀತೀಯಾ?" ಅಂತ ಕೇಳಿ. ಮೂರನೇದು ಮೊಬೈಲು. ಅಳು ತಕ್ಷಣ ನಿಲ್ಲುತ್ತೆ ನಿಜ, ಆದ್ರೆ ನಾಳೆ ಮೊಬೈಲಿಗೇ ಅಳು. ಎರಡು ವರ್ಷದೊಳಗೆ ಸ್ಕ್ರೀನೇ ಬೇಡ, 2-4 ವರ್ಷಕ್ಕೆ ದಿನಕ್ಕೆ 1 ಗಂಟೆ ದಾಟಬಾರದು ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ 2019ರ ಸಲಹೆ. ನಾಲ್ಕನೇದು ಸಕ್ಕರೆ ದನಿ, ಒಳಗೆ ಕುದೀತಾ ಹೊರಗೆ ‘ಚಿನ್ನಾ ಬಂಗಾರಾ’ ಅನ್ನೋದು. ಗಟ್ಟಿ ದನಿ ಪರವಾಗಿಲ್ಲ, ಸುಳ್ಳು ದನಿ ಬೇಡ.

ಮಗು ಹೊಡೆದ್ರೆ? ಕೈ ಹಿಡೀರಿ, ಗಟ್ಟಿಯಾಗಿ ಆದ್ರೆ ನೋವಾಗದಂಗೆ, "ಹೊಡಿಯೋಕೆ ಬಿಡಲ್ಲ" ಅನ್ನಿ. ಮೂರನೇ ವಾಕ್ಯ ಇದು. ಜೆಂಟಲ್ ಅಂದ್ರೆ ಹೊಡೆಸ್ಕೊಳ್ಳೋದು ಅಂತ ಅಂದ್ಕೊಂಡು ಕೂದಲು ಕೀಳಿಸ್ಕೊಂಡು ಕೂತಿರೋ ತಾಯಂದಿರನ್ನ ನೋಡಿದೀನಿ, ಅದು ಮಗುಗೂ ಭಯಾನೇ, ತಡೆಯೋರು ಯಾರೂ ಇಲ್ವಲ್ಲ ಅಂತ.

ಹಂತ 6: ನೀವೇ ಕೂಗಾಡಿದ್ರೆ

ಕೂಗಾಡ್ತೀರಿ. ನಾನೂ ಕೂಗಾಡಿದೀನಿ, ಒಂದ್ಸಲ ನಲ್ಲಿ ನೀರು ಬರೋ ಟೈಮಲ್ಲಿ ಕೊಡಪಾನ ಉರುಳಿಸಿದ್ಲು ಅಂತ ಇಡೀ ಓಣಿಗೆ ಕೇಳೋಹಂಗೆ. ತಣ್ಣಗಾದ ಮೇಲೆ ಹೋಗಿ "ಅಮ್ಮ ಜೋರಾಗಿ ಕೂಗಿದೆ, ನಿಂಗೆ ಹೆದರಿಕೆ ಆಯ್ತು. ತಪ್ಪು ನಂದು" ಅಂದೆ. ಅಲ್ಲಿಗೆ ಫುಲ್‌ಸ್ಟಾಪ್. ‘ಆದ್ರೆ ನೀನು ಹಂಗೆ ಮಾಡಿದ್ದಕ್ಕೆ ತಾನೆ’ ಅಂತ ಬಾಲ ಸೇರಿಸಿದ್ರೆ ಮಾಡಿದ್ದೆಲ್ಲ ವೇಸ್ಟು. ಎಡ್ವರ್ಡ್ ಟ್ರಾನಿಕ್ ಅನ್ನೋ ಮನಶ್ಶಾಸ್ತ್ರಜ್ಞರು ತಾಯಿ-ಕೂಸುಗಳನ್ನ ಗಮನಿಸಿ ಹೇಳಿದ್ದು, ಚೆನ್ನಾಗಿರೋ ಜೋಡಿಗಳಲ್ಲೂ ತುಂಬ ಹೊತ್ತು ತಾಳ ತಪ್ಪಿರುತ್ತೆ, ತಪ್ಪಿದ್ದನ್ನ ಮತ್ತೆ ಕೂಡಿಸ್ಕೊಳ್ಳೋದರಲ್ಲೇ ಮಗು ನಂಬಿಕೆ ಕಲಿಯುತ್ತೆ ಅಂತ.

ಹಂತ 7: ಟೀಕೆ ಬಂದಾಗ

ಮೊದಲ ನಿಯಮ: ಮಗುವಿನ ಕೆಲಸ ಮುಗಿಯೋವರೆಗೂ ಟೀಕೆಗೆ ಉತ್ತರ ಇಲ್ಲ. ದೊಡ್ಡಮ್ಮ ಕಾಯ್ತಾರೆ, ಮಗು ಕಾಯಲ್ಲ. ಅವರ ಕಡೆ ಒಂದ್ಸಲ ನೋಡಿ ತಲೆ ಆಡಿಸಿ, ಮಗೂನ ಕಡೆ ತಿರುಗಿ. ಇನ್ನೂ ಒಳ್ಳೇದು ಅಂದ್ರೆ ಅವರಿಗೊಂದು ಕೆಲಸ ಕೊಡಿ. "ಹೌದು ದೊಡ್ಡಮ್ಮ, ತುಂಬ ಅಳ್ತಿದಾನೆ. ಒಂದು ಲೋಟ ನೀರು ಕೊಡ್ತೀರಾ?" ನಾಲ್ಕನೇ ವಾಕ್ಯ ಇದೇ, ನನ್ನ ಅನುಭವದಲ್ಲಿ ನಾಲ್ಕರಲ್ಲಿ ಹೆಚ್ಚು ಕೆಲಸ ಮಾಡೋದೂ ಇದೇ. ಸಹಾಯ ಮಾಡ್ಬೇಕು ಅಂತ ಚಡಪಡಿಸ್ತಿದ್ದ ಕೈಗೆ ಲೋಟ ಸಿಕ್ರೆ ಬಾಯಿ ತಾನಾಗೇ ನಿಲ್ಲುತ್ತೆ.

ಆಮೇಲೆ, ಅದೇ ದಿನ ಅಲ್ಲ, ಮಾರನೇ ದಿನ ಅವರೆಕಾಯಿ ಬಿಡಿಸುವಾಗಲೋ ಟೀ ಕುಡಿಯುವಾಗಲೋ ಮಾತಾಡಿ. ವಾದದಿಂದ ಶುರು ಮಾಡ್ಬೇಡಿ, ಕೇಳೋದರಿಂದ ಶುರು ಮಾಡಿ. ನಮ್ಮ ಅತ್ತೆ ಎರಡು ವರ್ಷ "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇನು" ಅಂತ ದಿನಾ ಹೇಳೋರು. ನಾನು ಫೋನಲ್ಲಿ ವಿಡಿಯೋ ತೋರಿಸಿದೆ, ಡಾಕ್ಟ್ರು ಬರೆದದ್ದು ಓದಿ ಹೇಳಿದೆ, ಏನೂ ಆಗ್ಲಿಲ್ಲ. ಒಂದಿನ ಸುಮ್ನೆ "ಇವರು ಚಿಕ್ಕವರಿದ್ದಾಗ ಹಠ ಮಾಡಿದ್ರೆ ನೀವು ಏನ್ ಮಾಡ್ತಿದ್ರಿ ಅತ್ತೆ?" ಅಂದೆ. ಸೊಪ್ಪು ಸೋಸ್ತಾ ಸೋಸ್ತಾ ಹೇಳಿದ್ರು: ಮಾವ ಬಟ್ಟೆ ಮಿಲ್ಲಲ್ಲಿ ರಾತ್ರಿ ಪಾಳಿ, ಒಂದೇ ಕೋಣೆ ಮನೆ, ಹಗಲು ಅವರು ಮಲಗ್ಬೇಕು, ಕೂಸು ಅತ್ತು ಅವರಿಗೆ ಎಚ್ಚರ ಆದ್ರೆ ರಾತ್ರಿ ಮಗ್ಗದ ಮುಂದೆ ತೂಕಡಿಸ್ತಾರೆ, ಕೈ ಹೋದ್ರೆ? "ಅದಕ್ಕೇ ಬಾಯಿ ಮುಚ್ಚಿ ಒಂದೇಟು ಹಾಕ್ತಿದ್ದೆ ಕಣವ್ವ. ಆಮ್ಯಾಲೆ ಹಿತ್ತಲಾಗ ನಾನೂ ಅಳ್ತಿದ್ದೆ." ದಾವಣಗೆರೆಯನ್ನ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಮ್ಮೆಯಿಂದ ಕರೀತಿದ್ದ ಕಾಲ ಅದು. ನಾನು ಇಷ್ಟು ದಿನ ‘ಹೊಡಿಯೋದು ತಪ್ಪು’ ಅಂದಾಗೆಲ್ಲ ಅವರಿಗೆ ಕೇಳಿಸಿದ್ದು ‘ನೀವು ಕೆಟ್ಟ ತಾಯಿ’ ಅಂತ. ಅವತ್ತಿಂದ ಅವರು ಬಯ್ಯೋದು ಪೂರ್ತಿ ನಿಲ್ಲಿಸಿದ್ರು ಅಂತೇನಿಲ್ಲ, ಆದ್ರೆ ನನ್ನ ಉತ್ತರದ ದನಿ ಬದಲಾಯ್ತು, ಜಗಳ ಕಡಿಮೆ ಆಯ್ತು.

ಯಾರಿಗೆ ಏನ್ ಹೇಳೋದು ಅಂತ ಕೇಳ್ತೀರಲ್ಲ, ಹಿಂಗೆ:

"ಎತ್ತಿ ಎತ್ತಿ ರೂಢಿ ಮಾಡಿದೀಯ" ಅಂದ್ರೆ: "ಹೌದಮ್ಮ, ಇನ್ನೊಂದು ವರ್ಷಕ್ಕೆ ಎತ್ಕೋತೀನಿ ಅಂದ್ರೂ ಬರಲ್ಲ." ಮನೇಲಿ ಪುಸ್ತಕ ಓದೋ ಮಾವನೋರು ಆಧಾರ ಕೇಳಿದ್ರೆ 1972ರಲ್ಲಿ ಸಿಲ್ವಿಯಾ ಬೆಲ್, ಮೇರಿ ಏನ್ಸ್‌ವರ್ತ್ 26 ತಾಯಿ-ಕೂಸುಗಳನ್ನ ಒಂದು ವರ್ಷ ನೋಡಿದ್ರು, ಬೇಗ ಸ್ಪಂದಿಸಿದ ತಾಯಂದಿರ ಕೂಸುಗಳು ವರ್ಷದ ಕೊನೆಗೆ ಕಡಿಮೆ ಅಳ್ತಿದ್ವು ಅಂತ ಹೇಳಿ, ಆ ಲೆಕ್ಕದ ಬಗ್ಗೆ ಆಮೇಲೆ ಬೇರೆ ಸಂಶೋಧಕರು ತಕರಾರು ತೆಗೆದಿದ್ದಾರೆ ಅನ್ನೋದನ್ನೂ ಹೇಳಿ. ಪೂರ್ತಿ ಹೇಳಿದವರ ಮಾತಿಗೇ ಬೆಲೆ.

"ಹೆದರಿಕೆನೇ ಇಲ್ಲ ನಿನ್ನ ಮಗಂಗೆ" ಅಂತ ನಾದಿನಿಯೋ ನೆಗೆಣ್ಣಿಯೋ ಅಂದ್ರೆ: "ಹೆದರಿಕೆ ಇಲ್ಲ, ಆದ್ರೆ ಇಲ್ಲ ಅಂದ್ರೆ ಇಲ್ಲ ಅಂತ ಗೊತ್ತವನಿಗೆ." ನಗ್ತಾ ಹೇಳಿ, ಮಾತು ಬದಲಾಯಿಸಿ.

ಗುರುತಿಲ್ಲದವರು ಅಂದ್ರೆ ಏನೂ ಹೇಳ್ಬೇಡಿ. ಕುಂದುವಾಡ ಕೆರೆ ಏರಿ ಮೇಲೆ ವಾಕಿಂಗ್ ಬಂದವರಿಗೆಲ್ಲ ನಿಮ್ಮ ಸಿದ್ಧಾಂತ ಒಪ್ಪಿಸ್ಬೇಕು ಅಂತೇನಿಲ್ಲ.

ಗಂಡನ ಮನೆಯವರ ಮುಂದೆ ಗಂಡ ತಮಾಷೆಗೆ "ಇವಳದ್ದು ಹೊಸ ಪದ್ಧತಿ" ಅಂತ ನಕ್ರೆ ಮಾತ್ರ ಬಿಡ್ಬೇಡಿ. ಅಲ್ಲೇ ಅಲ್ಲ, ರೂಮಿಗೆ ಹೋದ ಮೇಲೆ. ಅದು ಹಂತ 2 ಸರಿಯಾಗಿ ಆಗಿಲ್ಲ ಅನ್ನೋದರ ಲಕ್ಷಣ, ವಾಪಸ್ ಅಲ್ಲಿಂದ ಶುರು.

ಶಾಲೇಲಿ ಹೊಡೆದ್ರೆ ವಿಷಯ ಬೇರೆ, ಅದು ಟೀಕೆ ಅಲ್ಲ. ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಸೆಕ್ಷನ್ ಮಕ್ಕಳಿಗೆ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡನ್ನೂ ನಿಷೇಧಿಸಿದೆ. ಮೊದ್ಲು ಟೀಚರ್ ಹತ್ರ ಒಬ್ರೇ ಕೂತು ಮಾತಾಡಿ, ಆಮೇಲೆ ಹೆಡ್‌ಮಾಸ್ಟರ್ರಿಗೆ ಬರವಣಿಗೇಲಿ ಕೊಡಿ, ಆಗ್ಲೂ ನಿಲ್ಲದಿದ್ರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಇದನ್ನೆಲ್ಲ ನಿಲ್ಲಿಸಿ ಡಾಕ್ಟರ್ ಹತ್ರ ಹೋಗಬೇಕಾದ ಲಕ್ಷಣಗಳು

ಟೀಕೆ ಮಾಡಿದವರು ಕೆಲವು ಸಲ ಸರಿ ಇರ್ತಾರೆ, ಇದನ್ನ ಒಪ್ಕೊಳ್ಳೋಕೆ ನನಗೂ ಟೈಮ್ ಹಿಡೀತು. "ಇದು ಕರೆದ್ರೆ ತಿರುಗೇ ನೋಡಲ್ವಲ್ಲ" ಅಂತ ಪಕ್ಕದ್ಮನೆ ಅಜ್ಜಿ ಅಂದ್ರೆ ಸಿಟ್ಟಾಗೋ ಮೊದ್ಲು ನೀವೂ ಕರೆದು ನೋಡಿ. ಒಂದು ವರ್ಷಕ್ಕೆ ಹೆಸರು ಕೂಗಿದ್ರೆ ತಿರುಗದೆ ಇರೋದು, ಒಂದೂವರೆ ವರ್ಷಕ್ಕೆ ಒಂದು ಪದಾನೂ ಬರದೆ ಇರೋದು, ಬರ್ತಿದ್ದ ಮಾತು ನಿಂತು ಹೋಗೋದು, ಅತ್ತು ಅತ್ತು ಉಸಿರು ಕಟ್ಟಿ ನೀಲಿಯಾಗೋದು, ಇವಕ್ಕೆ ಕಾಯಬೇಡಿ. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಕಾರ್ಯಕ್ರಮ) ತಂಡ ಬಂದು ಮಕ್ಕಳನ್ನ ನೋಡೋ ವ್ಯವಸ್ಥೆ ಇದೆ, ಕಾರ್ಯಕರ್ತೆ ಹತ್ರ ಕೇಳಿ, ಇಲ್ಲಾ ನೇರ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಹೋಗಿ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದ್ರೆ ರಾತ್ರಿಯಾದ್ರೂ ಹೊರಡಿ.

ತಾಯಿಯ ಲಕ್ಷಣಾನೂ ಬರೀತೀನಿ, ಯಾಕಂದ್ರೆ ಯಾರೂ ಬರಿಯಲ್ಲ. ಹೆರಿಗೆ ಆದ ಮೊದಲ ದಿನಗಳಲ್ಲಿ ಕಾರಣ ಇಲ್ಲದೆ ಅಳು ಬರೋದು ಇದ್ದದ್ದೇ. ಎರಡು ವಾರ ದಾಟಿಯೂ ಅಳು, ನಿದ್ದೆ ಇಲ್ಲ, ಕೂಸು ಕಂಡ್ರೆ ಏನೂ ಅನ್ಸಲ್ಲ, ಎಲ್ಲಾದ್ರೂ ಹೋಗ್ಬಿಡ್ಲಾ ಅನ್ಸುತ್ತೆ ಅಂದ್ರೆ ಅದು ಕಾಯಿಲೆ, ಚಿಕಿತ್ಸೆ ಇದೆ. 14416, ಟೆಲಿ-ಮಾನಸ್ ಅನ್ನೋ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದಿನದ 24 ಗಂಟೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಆ ಟೈಮಲ್ಲಿ ಮೇಲಿನ ಏಳು ಹಂತಾನೂ ಪಕ್ಕಕ್ಕಿಡಿ, ಕೂಸನ್ನ ನಂಬಿಕೆ ಇರೋರ ಕೈಗೆ ಕೊಟ್ಟು ಮೊದ್ಲು ನೀವು ಮಲಗಿ.

ಬಸ್ಸಿಗೆ ಮಾತ್ರ ಬೇರೆ ಲೆಕ್ಕ

ದಾವಣಗೆರೆಯಿಂದ ಚಿತ್ರದುರ್ಗಕ್ಕೆ 60 ಕಿಲೋಮೀಟ್ರು, ಒಂದೂಕಾಲು ಗಂಟೆ ಅಂತ ಇಟ್ಕೊಳ್ಳಿ, ಮಗು ಅತ್ರೆ ಇಳಿಯೋಕೂ ಆಗಲ್ಲ, ಜನ ಎಲ್ಲ ನಿಮ್ಮನ್ನೇ ನೋಡ್ತಿರ್ತಾರೆ. ಹತ್ತೋ ಮುಂಚೆ ಉಚ್ಚೆ ಮಾಡಿಸಿ, ಊಟ ಮಾಡಿಸಿ. ಕಿಟಕಿ ಸೀಟು ಹಿಡೀರಿ, ಸಿಗದಿದ್ರೆ ಮುಂದಿನ ಬಸ್ಸಿಗೆ ಹೋಗಿ. ಡಬ್ಬಿ, ದಾರಿಯಲ್ಲಿ ಬರೋ ಭರಮಸಾಗರ ದಾಟೋವರೆಗೂ ತೆಗೀಬೇಡಿ, ಮೊದ್ಲೇ ತೆಗೆದ್ರೆ ಕೊನೇ ಅರ್ಧ ಗಂಟೆಗೆ ಕೈಯಲ್ಲಿ ಏನೂ ಇರಲ್ಲ. ಹಿಂದಿನ ಸೀಟಿಂದ "ಒಂದ್ ಬಿಡಮ್ಮ, ಸುಮ್ನಾಗುತ್ತೆ" ಅಂತ ಬಂದ್ರೆ "ದುರ್ಗ ಬರೋ ಹೊತ್ತಿಗೆ ಸರಿ ಹೋಗ್ತಾಳೆ ಅಣ್ಣ" ಅಂದು ಮಗೂನ ಕಿಟಕಿ ಕಡೆ ತಿರುಗಿಸಿ. ದುರ್ಗದ ಗುಡ್ಡದ ಮೇಲಿನ ಕರೆಂಟ್ ಮಾಡೋ ಗಾಳಿ ಫ್ಯಾನು ಕಾಣೋಕೆ ಶುರುವಾದ್ರೆ ಎಣಿಸೋಕೆ ಹಚ್ಚಿ, ನನ್ನ ಮಗಳು ಹೋದ ಸಲ ಏಳರ ತನಕ ಎಣಿಸಿ ಮತ್ತೆ ಮೂರಕ್ಕೆ ವಾಪಸ್ ಬಂದ್ಲು, ಅಷ್ಟರಲ್ಲಿ ಬಸ್‌ಸ್ಟ್ಯಾಂಡ್ ಬಂತು.